ಮೊದಲ ಸಾಲಿನ ಹೆಂಡತಿ

ಕೆಂಪಾಪುರ
10 ಜೂನ್ 2024

ಅಪ್ಪ,

ನಮಸ್ಕಾರ. ಒಂದೇ ಊರಿನಲ್ಲಿ ಕೆಂಪಾಪುರದಿಂದ ಅಟ್ಟೂರಿಗೆ ಯಾರಾದರೂ ಕಾಗದ ಬರೀತಾರಾ ಅಂತ ನಗಬೇಡಿ. ಫೋನಿನಲ್ಲಿ ನಿಮ್ಮ ಹತ್ರ ಜಗಳ ಆಡೋಕೆ ಆಗಲ್ಲ. ನಾನು ಗಂಭೀರವಾಗಿ ಒಂದು ಮಾತು ಶುರು ಮಾಡಿದರೆ ನೀವು ನಡುವೆ ಬಾಯಿ ಹಾಕಿ ಏನೋ ಒಂದು ಅಂತೀರ, ನನಗೆ ನಗು ಬಂದುಬಿಡುತ್ತೆ, ಅಲ್ಲಿಗೆ ನೀವು ಗೆದ್ದಿರಿ. ಚಿಕ್ಕಂದಿನಿಂದ ಹೀಗೇ ಆಗಿದೆ. ಅದಕ್ಕೇ ಈ ಕಾಗದ. ಇದು ಮುಗಿಯೋವರೆಗೂ ನೀವು ಸುಮ್ಮನೆ ಕೇಳಲೇಬೇಕು.

ಅಮ್ಮ ನನ್ನ ಮನೆಯಲ್ಲಿದ್ದಾಳೆ. ಶನಿವಾರ ಯಲಹಂಕದಲ್ಲಿ ನಿಮ್ಮ ಹಾಸ್ಯಸಂಜೆ ಮುಗಿದು ನೀವು ಹಾರ ಹಾಕಿಸಿಕೊಳ್ತಾ ನಿಂತಿದ್ದಾಗ, ಅವಳು ಸೀದಾ ಹೊರಗೆ ಬಂದು ಆಟೋ ಹತ್ತಿದ್ದಾಳೆ. ಬಂದವಳು ಮೊದಲು ಬಚ್ಚಲುಮನೆಗೆ ಹೋಗಿ ಸೀರೆ ಒಗೆದಳು. ನಾನು ಏನಾಯ್ತು ಅಂತ ಕೇಳಿದರೆ ಹೇಳಲಿಲ್ಲ. ನಿಮ್ಮ ಮೊಮ್ಮಗಳು ಮೋನಿಷಾಗೆ ಯಾರೋ ಕಳಿಸಿದ ವಿಡಿಯೋ ನೋಡಿ ನನಗೆ ಗೊತ್ತಾಗಿದ್ದು.

ಅಮ್ಮನಿಗೆ ಕೆಮ್ಮಿದರೆ, ಸೀನಿದರೆ ಒಂದು ಹನಿ ಜಾರುತ್ತೆ. ಅದು ಎಷ್ಟು ದಿನದಿಂದಲೋ ಏನೋ, ಹೆತ್ತ ಮಗಳು ನಾನು, ನನಗೂ ಹೇಳಿರಲಿಲ್ಲ. ಡಾಕ್ಟರ ಹತ್ರ ಕರ್ಕೊಂಡು ಹೋಗಿ ಅಂತ ನಿಮಗೊಬ್ಬರಿಗೆ ಹೇಳಿಕೊಂಡಿದ್ದಳು. ನೀವು ಅದನ್ನ ಮೈಕಿನಲ್ಲಿ ಹೇಳಿದಿರಿ. "ನಮ್ಮನೆ ನಲ್ಲಿಗೆ ವಾಷರ್ ಹೋಗಿದೆ ಕಣ್ರೀ, ಡಾಕ್ಟರ್‌ನ ಕರೀಲಾ, ಪ್ಲಂಬರ್‌ನ ಕರೀಲಾ ಗೊತ್ತಾಗ್ತಿಲ್ಲ" ಅಂತ. ಜನ ತೊಡೆ ತಟ್ಟಿಕೊಂಡು ನಕ್ಕರು. ಆಮೇಲೆ ಯಾವತ್ತಿನ ಹಾಗೆ, "ಇಷ್ಟಕ್ಕೆಲ್ಲ ಕಾರಣಕರ್ತಳು ಇಲ್ಲೇ ಮೊದಲ ಸಾಲಿನಲ್ಲಿ ಕೂತಿದ್ದಾಳೆ, ಎದ್ದು ನಿಂತ್ಕೊಳ್ಳೇ ದೊಡ್ಡಮುನಿ" ಅಂದಿರಿ. ಅಮ್ಮ ಎದ್ದಳು. ಒಂದು ಕೈಯಲ್ಲಿ ಸೀರೆಯ ಹಿಂಭಾಗ ಮುಟ್ಟಿ ನೋಡಿಕೊಂಡಳು. ಆಮೇಲೆ ಜನರ ಕಡೆ ತಿರುಗಿ ಕೈ ಮುಗಿದಳು.

ನಾನು ಹುಟ್ಟಿದಾಗಿನಿಂದ ನಿಮ್ಮ ಕಾರ್ಯಕ್ರಮ ಮುಗಿಯೋದು ಆ ನಮಸ್ಕಾರದಿಂದಲೇ. ಅವಳು ಎದ್ದು ಕೈ ಮುಗಿದರೆ ಜನಕ್ಕೆ ಸಮಾಧಾನ. ಆಯಮ್ಮನೇ ಒಪ್ಪಿದ್ದಾಳಲ್ಲ, ಇನ್ನು ನಾವು ನಕ್ಕರೆ ತಪ್ಪೇನು ಅಂತ. ಈ ಸಲ ಅವಳ ಕೈ ಸೀರೆಗೆ ಹೋಗಿದ್ದನ್ನ ಯಾರೂ ನೋಡಲಿಲ್ಲ. ನೀವೂ ನೋಡಲಿಲ್ಲ. ನಾನು ಆ ವಿಡಿಯೋನ ಎರಡನೇ ಸಲ ನೋಡೋಕೆ ಆಗದೆ ಮೊಬೈಲ್ ಮಗುಚಿಟ್ಟೆ. ಅಸಹ್ಯ ಅಪ್ಪ, ಬೇರೆ ಮಾತಿಲ್ಲ.

ಅವಳು ಸದ್ಯಕ್ಕೆ ಇಲ್ಲೇ ಇರ್ತಾಳೆ. ಅವಳ ಬಿಪಿ ಮಾತ್ರೆ ಫ್ರಿಜ್ಜಿನ ಮೇಲಿದೆಯಂತೆ, ಕಳಿಸಿಕೊಡಿ.

ನಿಮ್ಮ ಮಗಳು
ನಂದಿತಾ


ಅಟ್ಟೂರು
24 ಜೂನ್ 2024

ಮಗಳೇ ನಂದಿತಾ,

ನಿನ್ನ ಕಾಗದ ತಲುಪಿತು. ನಮ್ಮ ಪೋಸ್ಟ್‌ಮ್ಯಾನ್‌ಗೆ ಬ್ಯಾಂಕಿನ ಕಾಗದ ಬಿಟ್ಟು ಬೇರೇನೂ ತಂದು ಅಭ್ಯಾಸವಿಲ್ಲ. "ಸಾರ್, ಯಾರೋ ಕೈಯಲ್ಲೇ ಬರ್ದವ್ರೆ, ಕೋರ್ಟ್ ನೋಟೀಸಾ?" ಅಂತ ಕೇಳಿದ. ಓದಿದ ಮೇಲೆ ಕೋರ್ಟೇ ವಾಸಿ ಅನ್ನಿಸಿತು. ಅಲ್ಲಿ ನಮ್ಮ ಕಡೆಗೂ ಒಬ್ಬ ವಕೀಲ ಇರ್ತಾನೆ.

ಮಾತ್ರೆ ಕಳಿಸಿದ್ದೀನಿ. ಮನೇಲಿ ಉಪ್ಪು ಯಾವ ಡಬ್ಬಿಯಲ್ಲಿದೆ ಅಂತ ಗೊತ್ತಾಗದೆ ಹೋಟ್ಲಲ್ಲಿ ತಿಂತಾ ಇದ್ದೀನಿ. ಇದನ್ನ ನಿಮ್ಮಮ್ಮನಿಗೆ ಹೇಳು, ಪಾಪ ಅನ್ನಿಸಬಹುದು.

ನೀನು ಅಕೌಂಟ್ಸ್ ಓದಿದವಳು, ಕೂಡೋದು ಕಳೆಯೋದು ಗೊತ್ತು. ನಮ್ಮ ಕಸುಬಿನ ಕಷ್ಟ ಗೊತ್ತಿಲ್ಲ. ಐವತ್ತು ವರ್ಷ ಕಣೇ. ಯಶವಂತಪುರದ ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾದವರು ಟೀ ಕುಡಿಯೋಕೆ ಹೋದರೆ ಮೈಕು ಸುಮ್ಮನಿರಬಾರದು ಅಂತ ನನ್ನನ್ನ ಸ್ಟೇಜಿಗೆ ತಳ್ಳಿದರು. ನಾಯಿ ಥರ ಬೊಗಳಿದೆ, ಗೂಡ್ಸ್ ರೈಲು ಬಿಟ್ಟೆ, ಮಂತ್ರಿ ಭಾಷಣದ ನಡುವೆ ಕೆಮ್ಮೋದು ಮಾಡಿದೆ. ಹಾಗೇ ಕೆಲವು ವರ್ಷ ನಡೀತು. ಮದುವೆಯಾದ ಹೊಸದರಲ್ಲಿ ಹೆಬ್ಬಾಳದ ರಾಜ್ಯೋತ್ಸವಕ್ಕೆ ಕರೆದಿದ್ದರು. ಅವತ್ತು ನಾಯಿಗೂ ನಗಲಿಲ್ಲ, ರೈಲಿಗೂ ನಗಲಿಲ್ಲ. ಎದುರಿಗೆ ನಿಮ್ಮಮ್ಮ ಕೂತಿದ್ದಳು. ಏನೂ ತೋಚದೆ, "ನನ್ನ ಹೆಸರು ಬರೀ ಮುನಿವೆಂಕಟಯ್ಯ. ಹೆಂಡ್ತಿ ಹೆಸರು ದೊಡ್ಡಮುನಿಯಮ್ಮ. ಮನೇಲಿ ಯಾರು ದೊಡ್ಡೋರು ಅಂತ ಇನ್ನೂ ಬಿಡಿಸಿ ಹೇಳ್ಬೇಕಾ?" ಅಂದೆ. ಪೆಂಡಾಲು ಎದ್ದುಹೋಗೋ ಹಾಗೆ ನಕ್ಕರು. ಎದ್ದು ನಿಂತ್ಕೊಳ್ಳಮ್ಮ, ನೋಡೋಣ ಅಂತ ಕೂಗಿದರು. ಅವಳು ಗಾಬರಿಯಲ್ಲಿ ಎದ್ದು ಕೈ ಮುಗಿದಳು. ಅವತ್ತಿಂದ ನಾಯಿ ಬಿಟ್ಟೆ, ರೈಲೂ ಬಿಟ್ಟೆ, ನಿಮ್ಮಮ್ಮನ್ನ ಹಿಡ್ಕೊಂಡೆ.

ಅವಳ ಬಾಯಲ್ಲಿ "ಹ" ಹೊರಡಲ್ಲ, ಅದೇ ನನ್ನ ಪುಣ್ಯ. ಮದುವೆ ಮಂಟಪದಲ್ಲಿ ಪುರೋಹಿತರು ಹೆಸರು ಹೇಳಮ್ಮ ಅಂದರೆ, "ಎಸ್ರು ಇನ್ನೂ ಇಟ್ಟಿಲ್ಲ ಸ್ವಾಮಿ, ಅನ್ನ ತಡ ಆಯ್ತದೆ" ಅಂದಳು ಅಂತ ಹೇಳ್ತೀನಲ್ಲ, ಆ ಜೋಕು ಕ್ಯಾಸೆಟ್ಟಿಗೆ ಬಂತು, ಟಿವಿಗೆ ಬಂತು, ಈಗ ಮೊಬೈಲಿಗೂ ಬಂತು. ಅದು ನಡೆದದ್ದೇ ಅಲ್ಲ. ನಾನೂ ಅದೇ ಅಟ್ಟೂರಿನವನು, ನಾನೂ ಮೊದಲು ಓಗು, ಬಾ ಅಂತಿದ್ದವನೇ. ಸ್ಟೇಜಿಗೋಸ್ಕರ ಕಲಿತೆ. ಅವಳಿಗೆ ಕಲಿಸಲಿಲ್ಲ, ಅಷ್ಟೇ.

ವಾಷರ್ ಜೋಕು ಸ್ವಲ್ಪ ಜಾಸ್ತಿಯಾಯ್ತು, ಒಪ್ಕೋತೀನಿ. ಆದರೆ ಹಾಲ್ ಪೂರ್ತಿ ನಕ್ಕಿತಲ್ಲ. ಜೋಕನ್ನ ಜೋಕು ಅಂತ ತಗೋಬೇಕು.

ಈಗ ಮುಖ್ಯ ವಿಷಯ. ನನ್ನ ಕಾರ್ಯಕ್ರಮ ನೋಡ್ಕೊಳ್ಳೋ ಗಿರಿ ನವೆಂಬರಿನಲ್ಲಿ ಯಲಹಂಕದಲ್ಲೇ ನನಗೆ ಐವತ್ತನೇ ವರ್ಷದ ಸನ್ಮಾನ ಇಟ್ಟುಕೊಂಡಿದ್ದಾನೆ. ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಇದೆ. ನಿಮ್ಮಮ್ಮ ಅವತ್ತು ಮೊದಲ ಸಾಲಿನಲ್ಲಿ ಇರಲೇಬೇಕು. ನಾನು ಕೇಳೋದು ಇದೊಂದೇ. ಅಷ್ಟರಲ್ಲಿ ಅವಳನ್ನ ಸಮಾಧಾನ ಮಾಡಿ ಕಳಿಸು.

ಇಂತಿ, ಹೋಟೆಲ್ ಊಟದಲ್ಲಿ ಸಣ್ಣಗಾಗುತ್ತಿರುವ
ನಿನ್ನ ಅಪ್ಪ


ಕೆಂಪಾಪುರ
15 ಜುಲೈ 2024

ಅಪ್ಪ,

ಕೋರ್ಟ್ ನೋಟೀಸಿನ ಮಾತಿಗೆ ಮೋನಿಷಾ ನಕ್ಕಳು. ನಿಮ್ಮ ಅಳಿಯನೂ ನಕ್ಕರು. ಅಮ್ಮ ಬೆಳ್ಳುಳ್ಳಿ ಸುಲೀತಾ ಕೂತಿದ್ದವಳು ತಲೆ ಎತ್ತಲಿಲ್ಲ. ಉಪ್ಪಿನ ಡಬ್ಬಿ ಒಲೆ ಪಕ್ಕದಲ್ಲೇ ಇದೆ ಅಂದಳು, ಅಷ್ಟೇ.

ನಾನು ಅವಳನ್ನ ಇಲ್ಲೇ ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ನಾಚಿಕೆಯಲ್ಲಿ ಒದ್ದಾಡಿ, ಕೊನೆಗೆ, "ಯಂಗೆ ಏಳಾದು ಡಾಕ್ಟ್ರೇ, ಕೆಮ್ಮುದ್ರೆ ತಡೆಯಕ್ಕಾಗಲ್ಲ" ಅಂದಳು. ನರ್ಸು ಬಾಗಿಲ ಹತ್ರ ನಿಂತು ಬಾಯಿಗೆ ಕೈ ಅಡ್ಡ ಹಿಡಿದಳು. ಡಾಕ್ಟರ್ ಚಿಕ್ಕ ವಯಸ್ಸಿನವನು. ಅಮ್ಮನ ಮುಖ ನೋಡಿದ, ನೆನಪಾಯ್ತು, ನಗು ತಡೆದುಕೊಳ್ಳೋಕೆ ಆಗಲಿಲ್ಲ. "ವಾಷರ್ ಆಂಟಿ ಅಲ್ವಾ ನೀವು? ನಮ್ಮ ಮನೇಲೆಲ್ಲ ನಿಮ್ಮ ಫ್ಯಾನ್ಸು" ಅಂದ. ಅಮ್ಮ ಎದ್ದು ನಿಂತಳು. ಅಪ್ಪ, ಅವಳು ಅಭ್ಯಾಸಬಲದಿಂದ ಆ ಹುಡುಗನಿಗೂ ಕೈ ಮುಗಿದಳು. ಪರೀಕ್ಷೆ ಮಾಡಿಸಿಕೊಳ್ಳದೆ ಹೊರಗೆ ಬಂದಳು.

ನನಗೆ ಅಸಹ್ಯ ಹುಟ್ಟಿದ್ದು ಡಾಕ್ಟರ್ ಮೇಲಲ್ಲ. ಅವನಿಗೆ ಅದನ್ನ ಕಲಿಸಿದ್ದು ಯಾರು?

ಈಗ ಅವಳು ಹೊರಗೆ ಬಾಯಿ ಬಿಡೋದೇ ಇಲ್ಲ. ತರಕಾರಿ ಗಾಡಿಯವನ ಹತ್ರ ಹೀರೇಕಾಯಿ ಅನ್ನೋಕೂ ಹೆದರಿ ಬೆರಳು ತೋರಿಸ್ತಾಳೆ. ಪಕ್ಕದ ಮನೆಯವರು ಅವಳನ್ನ ಮೂಕಿ ಅಂದುಕೊಂಡಿದ್ದಾರೆ. ನೀವು "ಕಲಿಸಲಿಲ್ಲ, ಅಷ್ಟೇ" ಅಂತ ಬರೆದಿದ್ದೀರಲ್ಲ. ಆ "ಅಷ್ಟೇ" ಓದಿ ನನಗೆ ಎಷ್ಟು ರೇಗಿತು ಅಂದರೆ ಕಾಗದ ಹರಿದು ಹಾಕಬೇಕು ಅನ್ನಿಸಿತು. ಅವಳು ತಪ್ಪು ಮಾತಾಡ್ತಾನೇ ಇರಲಿ, ನಿಮಗೆ ಸಾಮಾನು ಸಿಗ್ತಾನೇ ಇರಲಿ ಅಂತ ತಾನೇ ಬಿಟ್ಟಿದ್ದು?

ಮೋನಿಷಾ ಕಾಲೇಜಿಗೆ ಹೋಗೋ ಹುಡುಗಿ. ಅವಳ ಕ್ಯಾಂಟೀನಿನಲ್ಲಿ ಯಾರಾದರೂ ನೀರು ಚೆಲ್ಲಿದರೆ "ವಾಷರ್" ಅಂತ ಕೂಗ್ತಾರಂತೆ. ಅದು ತನ್ನ ಅಜ್ಜಿ ಅಂತ ಅವಳು ಯಾರಿಗೂ ಹೇಳಿಲ್ಲ.

ಸನ್ಮಾನಕ್ಕೆ ಅಮ್ಮನನ್ನ ಕಳಿಸೋಕೆ ಅವಳೇನು ಪೇಟ ಶಾಲಿನ ಜೊತೆ ಬರೋ ಸಾಮಾನಲ್ಲ. ಅವಳನ್ನೇ ಕೇಳಿದೆ. ಹೂ ಅನ್ನಲಿಲ್ಲ, ಊಹೂ ಅನ್ನಲಿಲ್ಲ. ನಾನು ಊಹೂ ಅಂತಿದ್ದೀನಿ.

ನಂದಿತಾ


ಅಟ್ಟೂರು
20 ಸೆಪ್ಟೆಂಬರ್ 2024

ನಂದಿತಾ,

ನೀನು ಬರೆದಿದ್ದು ಕಾಗದವಲ್ಲ, ತೀರ್ಪು. ಉತ್ತರ ಬರೆಯಬಾರದು ಅಂತಲೇ ಇದ್ದೆ. ಆದರೆ ಹೇಳ್ಕೊಳ್ಳೋಕೆ ಇನ್ಯಾರಿದ್ದಾರೆ?

ಮೊನ್ನೆ ಬಾಗಲಗುಂಟೆಯಲ್ಲಿ ಗಣೇಶನ ಕಾರ್ಯಕ್ರಮ. ಗಿರಿ ರೂಢಿಯಂತೆ ಮೊದಲ ಸಾಲಿನಲ್ಲಿ ಒಂದು ಕುರ್ಚಿ ಬಿಡಿಸಿಟ್ಟಿದ್ದ. ಯಾರೂ ಬರಲ್ಲ ಅಂತ ಅವನಿಗೆ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಆ ಖಾಲಿ ಕುರ್ಚಿ ಎದುರಿಗಿಟ್ಟುಕೊಂಡು ಶುರು ಮಾಡಿದೆ. ದೊಡ್ಡಮುನಿ ಜೋಕಿಗೆ ಅರ್ಧ ನಕ್ಕರು, ಆಮೇಲೆ ಕುರ್ಚಿ ನೋಡಿದರು. ಎಸರಿನ ಜೋಕಿಗೆ ಕೆಮ್ಮಿದರು. ಒಬ್ಬಳು ಮುದುಕಿ, ನಮ್ಮ ಕಡೆಯವಳೇ ಇರಬೇಕು, ಕೂತಲ್ಲಿಂದಲೇ, "ಆಯಮ್ಮ ಎಲ್ಲಪ್ಪಾ, ಉಸಾರಾಗವ್ಳಾ?" ಅಂತ ಕೇಳಿದಳು. ಅವಳಿಗೆ ತಿರುಗಿಸಿ ಒಂದು ಕೊಡೋಣ ಅಂತ ಬಾಯಿ ತೆಗೆದೆ. ಕೊನೆಗೆ "ಮನೇಲವ್ಳೆ" ಅಂದೆ.

ಏನಾದರೂ ಮಾಡಿ ಮೇಲೆತ್ತಬೇಕಲ್ಲ ಅಂತ ವಾಷರ್ ಜೋಕು ಬಿಟ್ಟೆ. ಹೆಂಗಸರ ಕಡೆಯಿಂದ ಯಾರೋ ಥೂ ಅಂದರು. ಮೈಕಿಗಿಂತ ಗಟ್ಟಿಯಾಗಿ ಕೇಳಿಸಿತು.

ಯಲಹಂಕದಲ್ಲಿ ಹಾಲ್ ಎದ್ದು ಕುಣಿದ ಜೋಕು ಅದು, ಒಂದಕ್ಷರ ಬದಲಾಯಿಸಿರಲಿಲ್ಲ. ಅವಳು ಎದ್ದು ನಿಂತರೇನೇ ಅದು ಜೋಕು ಕಣೇ. ಅವಳಿಲ್ಲದಿದ್ದರೆ ಬೈಗುಳದ ಹಾಗೆ ಕೇಳಿಸುತ್ತೆ. ಈಗಲಾದರೂ ಅವಳ ಬೆಲೆ ನನಗೆ ಗೊತ್ತಿದೆ ಅಂತ ಒಪ್ಕೋ.

ನೀನೂ ಸ್ವಲ್ಪ ಯೋಚನೆ ಮಾಡು. ನೀನು ಓದಿದ್ದು, ನಿನ್ನ ಮದುವೆ, ಈ ಅಟ್ಟೂರಿನ ಮನೆ ಎಲ್ಲ ಆ ಜೋಕಿನದೇ. ಅನ್ನ ತಿಂದು ಬೆಳೆದು ಈಗ ಮೂಗು ಮುಚ್ಚಿಕೊಂಡರೆ ಆಗುತ್ತಾ? ನವೆಂಬರಿಗೆ ಅವಳನ್ನ ಕಳಿಸು. ಒಂದೇ ಒಂದು ಸಂಜೆ. ಆಮೇಲೆ ಅವಳ ವಿಷಯ ಎತ್ತಲ್ಲ, ನಿನ್ನಾಣೆ.

ಅಪ್ಪ


ಕೆಂಪಾಪುರ
26 ನವೆಂಬರ್ 2024

ಅಪ್ಪ,

ನಿಮ್ಮ ಹೋದ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ಸುಮ್ಮನಿದ್ದರೆ ನೀವಾಗಿ ಅರ್ಥ ಮಾಡ್ಕೋತೀರ ಅಂದುಕೊಂಡಿದ್ದೆ. ಏನು ಅರ್ಥ ಮಾಡಿಕೊಂಡಿರಿ ಅಂತ ಭಾನುವಾರ ಗೊತ್ತಾಯ್ತು.

ಬಾಡಿಗೆಗೆ ಹೆಂಡತಿ ತಂದು ಕೂರಿಸಿದಿರಿ.

ಮೋನಿಷಾ ವಿಡಿಯೋ ತೋರಿಸಿದಾಗ ನಾನು ಮೊದಲು ಅದು ಅಮ್ಮನೇ ಅಂದುಕೊಂಡೆ. ಅಮ್ಮನದೇ ಹಸಿರು ಸೀರೆ. ಬೀರುವಿನಿಂದ ನೀವೇ ತೆಗೆದುಕೊಟ್ಟಿರಬೇಕು. ಅಮ್ಮನ ಹಾಗೇ ದೊಡ್ಡ ಕುಂಕುಮ, ಅಮ್ಮನ ಹಾಗೇ ತುರುಬು. ನೀವು "ಎದ್ದು ನಿಂತ್ಕೊಳ್ಳೇ ದೊಡ್ಡಮುನಿ" ಅಂದಿರಿ, ಯಾರೋ ಒಬ್ಬ ಹೆಂಗಸು ಎದ್ದು, ಅಮ್ಮನಿಗಿಂತ ಚೆನ್ನಾಗಿ, ನಾಚಿಕೊಂಡು ಕೈ ಮುಗಿದಳು. ಜನ ಎದ್ದು ಚಪ್ಪಾಳೆ ತಟ್ಟಿದರು. ನಿಮಗೆ ಪೇಟ ಹಾಕಿದರು. ಅವಳ ಮಡಿಲಿಗೂ ಹಣ್ಣು, ತೆಂಗಿನಕಾಯಿ ಹಾಕಿದರು. ಮುತ್ತೈದೆ ಅಂತ.

ಮೂವತ್ತು ನಲವತ್ತು ವರ್ಷ ಅಮ್ಮನನ್ನ ನೋಡಿ ನಕ್ಕ ಜನ, ಅದು ಅವಳಲ್ಲ ಅಂತ ಒಬ್ಬರೂ ಗುರುತು ಹಿಡಿಯಲಿಲ್ಲ. ಅವರನ್ನ ಏನು ಅನ್ನೋದು. ನಿಮಗೇ ಯಾರಾದರೂ ಆಗ್ತಿತ್ತು ಅಂತ ಗೊತ್ತಾಯ್ತಲ್ಲ. ಸೀರೆ ಉಟ್ಟು ಎದ್ದು ನಿಲ್ಲೋಕೆ ಕಾಲಿರಬೇಕು, ಮುಗಿಯೋಕೆ ಕೈ ಇರಬೇಕು, ಅಷ್ಟೇ ನಿಮಗೆ ಬೇಕಾಗಿದ್ದು.

ಅಮ್ಮನಿಗೆ ತೋರಿಸೋದು ಬೇಡ ಅಂತ ನಾವು ಪಿಸುಗುಡ್ತಾ ಇದ್ದೆವು. ಅವಳೇ ಬಂದು ಮೊಬೈಲ್ ಇಸ್ಕೊಂಡಳು. ಪೂರ್ತಿ ನೋಡಿದಳು. ಮತ್ತೆ ಮೊದಲಿಂದ ಹಾಕು ಅಂದಳು.

ಇಷ್ಟು ತಿಂಗಳಲ್ಲಿ ನೀವು ಒಂದು ಸಲವೂ ಕೇಳಲಿಲ್ಲ, ಆದರೂ ಹೇಳ್ತೀನಿ. ಆರ್.ಟಿ. ನಗರದಲ್ಲಿ ಅತೀಯಾ ಅಂತ ಒಬ್ಬ ಡಾಕ್ಟರಮ್ಮ ಸಿಕ್ಕಿದರು. ಅವರು ನಗಲಿಲ್ಲ. ಬಾಗಿಲು ಹಾಕಿಕೊಂಡು ಅಮ್ಮ ಹೇಳೋದನ್ನ ಕೊನೆವರೆಗೂ ಕೇಳಿದರು. ಎಷ್ಟೋ ಹೆಂಗಸರಿಗೆ ಹೀಗಾಗುತ್ತೆ ಅಂದರು, ವ್ಯಾಯಾಮ ಹೇಳಿಕೊಟ್ಟರು. ಈಗ ಎಷ್ಟೋ ಪರವಾಗಿಲ್ಲ. ನೀವು ಒಂದು ದಿನ ಬಿಡುವು ಮಾಡಿಕೊಂಡು ಕರೆದುಕೊಂಡು ಹೋಗಿದ್ದರೆ ಆಗೋ ಕೆಲಸ ಇದು.

ನಿಮಗೆ ಮಗಳಾಗಿದ್ದೀನಿ ಅನ್ನೋದು ನೆನಪಾದರೆ ಈಗ ಸ್ನಾನ ಮಾಡಬೇಕು ಅನ್ನಿಸುತ್ತೆ.

ನಂದಿತಾ


ಅಟ್ಟೂರು
9 ಡಿಸೆಂಬರ್ 2024

ನಂದಿತಾ,

ಬೈದಿದ್ದೀಯ, ಸರಿ. ಬೈಸಿಕೊಂಡೆ.

ಅದು ಗಿರಿಯ ಐಡಿಯಾ. ಹಾಗಂತ ಅವನ ಮೇಲೆ ಹಾಕಲ್ಲ, ನಾನು ಬೇಡ ಅನ್ನಲಿಲ್ಲ. ಬಂದವರ ಹೆಸರು ಸಬೀರಾ, ನಾಟಕ ಕಂಪನಿಯಲ್ಲಿ ತಾಯಿ ಪಾರ್ಟು ಮಾಡ್ತಿದ್ದವರು, ಯಶವಂತಪುರದಲ್ಲಿ ಮಗನ ಮನೇಲಿ ಇದ್ದಾರೆ. ಎಲ್ಲ ಸರಿಯಾಗೇ ಮಾಡಿದರು. ಕಾರ್ಯಕ್ರಮ ಮುಗಿದ ಮೇಲೆ ಸ್ಟೇಜಿನ ಹಿಂದೆ ಸೀರೆ ಮಡಿಸಿ ನನ್ನ ಕೈಗೆ ಕೊಟ್ಟರು. ಕುಂಕುಮ ಒರೆಸಿಕೊಳ್ತಾ, "ಇನ್ನೊಂದು ಸಲ ನನ್ನನ್ನ ಕರೀಬೇಡಿ ಸಾರ್. ಇದು ಪಾರ್ಟು ಅಂತ ಗೊತ್ತಿದ್ದೂ ನನಗೆ ಕೂತು ಕೇಳೋಕೆ ಆಗಲಿಲ್ಲ" ಅಂದರು. ಮಡಿಲಿಗೆ ಹಾಕಿದ ಹಣ್ಣನ್ನೂ ಅಲ್ಲೇ ಬಿಟ್ಟು ಹೋದರು.

ಆ ಹಣ್ಣು ಮನೇಲಿ ಕೊಳೀತಾ ಇತ್ತು, ಮೊನ್ನೆ ಎಸೆದೆ. ಪೇಟ ಟಿವಿ ಮೇಲಿದೆ. ಗಿರಿ ಎರಡು ಮೂರು ಸಲ ಫೋನ್ ಮಾಡಿದ, ಎತ್ತಲಿಲ್ಲ. ಸ್ಟೇಜ್ ಹತ್ತೋಕೆ ಮನಸ್ಸಿಲ್ಲ. ಬೇರೆ ಜೋಕು ಯೋಚನೆ ಮಾಡೋಣ ಅಂತ ಕೂತರೆ ಹಳೇ ನಾಯಿನೇ ಬೊಗಳುತ್ತೆ. ನನಗೆ ಬೇರೆ ಏನೂ ಬರಲ್ಲ ಅಂತ ಈ ವಯಸ್ಸಿನಲ್ಲಿ ಗೊತ್ತಾದರೆ ಮನುಷ್ಯ ಏನು ಮಾಡಬೇಕು?

ಕುರ್ಚಿ ಬೇಡ, ಸ್ಟೇಜ್ ಬೇಡ. ನಿಮ್ಮಮ್ಮ ಮನೆಗೆ ಬರಲಿ. ಸಂಕ್ರಾಂತಿಗೆ ಬರಲಿ. ಈ ಮನೇಲಿ ನನ್ನ ಧ್ವನಿ ನನಗೇ ಕೇಳಿಸಿ ಸಾಕಾಗಿದೆ. ನಾನು ಕ್ಷಮೆ ಕೇಳ್ತೀನಿ ಅಂತ ಅವಳಿಗೆ ಓದಿ ಹೇಳು. ಬಾಯಲ್ಲೂ ಕೇಳ್ತೀನಿ, ಬೇಕಾದರೆ ಮೈಕಿನಲ್ಲೂ ಕೇಳ್ತೀನಿ. ನಾನು ಬರೀ ಮುನಿ, ಅವಳು ದೊಡ್ಡ ಮುನಿ, ಅವಳ ಮುನಿಸೂ ದೊಡ್ಡದೇ ಇರುತ್ತೆ, ಗೊತ್ತು. ಆದರೂ ಮುನಿಸು ಅಂದ ಮೇಲೆ ಒಂದಲ್ಲ ಒಂದು ದಿನ ಇಳೀಬೇಕಲ್ಲ.

ಅಪ್ಪ


ಕೆಂಪಾಪುರ
15 ಜನವರಿ 2025

ನಂದಿತನ ಅಪ್ಪನೋರಿಗೆ,

ನಾನೇ ಬರೀತಾ ಇವ್ನಿ. ಇಸ್ಕೂಲು ಬುಟ್ಟ ಮ್ಯಾಲೆ ಇಷ್ಟುದ್ದ ಬರೆದೋಳಲ್ಲ, ಓರೆಕೋರೆ ಇದ್ರೆ ಓದ್ಕಳಿ. ಇಂಗೇ ಮಾತಾಡಾದು, ಇಂಗೇ ಬರೀತೀನಿ.

ನಿಮ್ಮ ಕಾಗ್ದ ನಂದಿತ ಓದಿ ಏಳಿದ್ಳು. ಅಬ್ಬಕ್ಕೆ ಬತ್ತೀನಿ ಅಂತ ಕಾದಿದ್ರೇನೋ. ಎಳ್ಳು ಬೆಲ್ಲ ಇಲ್ಲೇ ಬೀರಿದ್ವಿ.

ಆ ಸಬೀರಮ್ಮನ ವಿಡಿಯೋ ನೋಡಿ ನಂಗೆ ನೋವಾಯ್ತು ಅಂತ ಇವ್ರೆಲ್ಲ ಅಂದ್ಕಂಡವ್ರೆ. ನೋವಾಗ್ಲಿಲ್ಲ. ನಾನು ಆ ಕುರ್ಚಿ ಮ್ಯಾಲೆ ಕುಂತಿದ್ದೇ ಒರತು ಒರಗಿಂದ ನೋಡಿರ್ಲಿಲ್ಲ. ಕುಂತಿದ್ದಾಗ ಜನ ನಗಾದು ಬೆನ್ನಿಗೆ ಕೇಳ್ತಿತ್ತು, ಮಕ ಕಾಣ್ತಿರ್ಲಿಲ್ಲ. ಈಗ ಕಾಣ್ತು. ಆಮೇಲೆ ನಿಮ್ಮ ಮಕ ನೋಡ್ದೆ. ಅವಳ ವಿಸ್ಯ ಅಷ್ಟೊತ್ತು ಮಾತಾಡಿದ್ರಿ, ಒಂದ್ ಸಲನಾದ್ರೂ ಆಯಮ್ಮನ ಕಡೆ ನೋಡಿದ್ರಾ? ನೋಡ್ಲಿಲ್ಲ. ಓ, ನಂಗೂ ಇಂಗೇ ಮಾಡ್ತಿದ್ರು ಅಂತ ಅವಾಗ ತಿಳೀತು. ನನ್ನ ಪಾಡಿಗೆ ನಾನು, ಇವ್ರು ನನ್ನೇ ನೋಡ್ಕಂಡು ಮಾತಾಡ್ತಾವ್ರೆ ಅಂದ್ಕಂಡಿದ್ದೆ. ಅದೊಂದು ಸಂತೋಸ ಇತ್ತು. ಅದೂ ಓಯ್ತು.

ಇವತ್ತಿಗೂ ನಿಮ್ಮ ಎಸ್ರು ನನ್ನ ಬಾಯಲ್ಲಿ ಬಂದಿಲ್ಲ. ಗಂಡನ ಎಸ್ರು ಏಳಬ್ಯಾಡ ಅಂತ ನಮ್ಮವ್ವ ಅಂದಿದ್ಲು, ಏಳ್ಲಿಲ್ಲ. ನೀವು ನನ್ನ ಎಸ್ರ ಊರೂರಿಗೆ ಮೈಕಲ್ಲಿ ಏಳಿದ್ರಿ. ಅದ್ಕೂ ಸುಮ್ಕಿದ್ದೆ. ನಾನು ನಂಬಿ ಏಳ್ಕಂಡಿದ್ದ ಮಾತ್ನೂ ಏಳಿದ್ರಿ.

ಮುನಿಸು ಅಂತ ಬರೆದಿದ್ದೀರ. ಮುನಿಸಾಗಿದ್ರೆ ಆಸಾಡ ಕಳಿಯಾದ್ರೊಳ್ಗೆ ಬಂದ್ಬುಡ್ತಿದ್ದೆ. ಇಂದೆ ನಿಮ್ಮ ಮ್ಯಾಲೆ ಎಷ್ಟು ಸಲ ಮುನಿಸ್ಕಂಡು ನಾನೇ ಬಂದಿಲ್ಲ? ಇದು ಅದಲ್ಲ. ನಿಮ್ಮ ತಟ್ಟೆಗೆ ಮುದ್ದೆ ಇಕ್ಬೇಕು ಅಂತ ನೆನುಸ್ಕಂಡ್ರೆ ಗಂಟಲಿಗೆ ಬತ್ತದೆ. ನೀವು ಉಟ್ಟ ಪಂಚೆ ಮುಟ್ಟಿ ಒಗೀಬೇಕು ಅಂದ್ರೆ ಕೈ ಮುಂದಕ್ಕೆ ಬರಾಕಿಲ್ಲ. ಆ ಅಸ್ರು ಸೀರೆ ನೀವೇ ಇಟ್ಕಳಿ, ನಂಗೆ ಬ್ಯಾಡ. ನಾನು ಇಲ್ಲೇ ಇರ್ತೀನಿ. ಬರಾಕಿಲ್ಲ.

ಈ ಥರ ಆಗಾದಕ್ಕೆ ಒಂದು ಮಾತೈತೆ. ನನ್ನ ಬಾಯಲ್ಲಿ ಅದು ಸರ್ಯಾಗಿ ಬರಾಕಿಲ್ಲ. ಬಂದಂಗೆ ಬರೆದ್ರೆ ನೀವು ಅದ್ನೂ ತಕ್ಕಂಡೋಗಿ ಜನುಕ್ಕೆ ಏಳಿ ನಗಿಸ್ತೀರ. ಅದ್ಕೇ ಮೋನಿಷನ ಪಕ್ಕದಲ್ಲಿ ಕೂರಿಸ್ಕಂಡು, ಯಂಗೆ ಬರೀಬೇಕು ಅಂತ ಕೇಳಿ, ಬ್ಯಾರೆ ಆಳೇಲಿ ತಿದ್ದಿ ತಿದ್ದಿ ಕಲ್ತು ಇಲ್ಲಿ ಬರೀತಾ ಇವ್ನಿ. ಇದ್ರಲ್ಲಿ ಒಂದಕ್ಸರನೂ ತಪ್ಪಿಲ್ಲ, ಅವಳೇ ನೋಡವ್ಳೆ.

ನಿಮ್ಮನ್ನು ಕಂಡರೆ ನನಗೆ ಹೇಸಿಗೆ.

ದೊಡ್ಡಮುನಿಯಮ್ಮ